ಬಸವ ಕಾರ್ಡು, ಮೀನು ಕಾರ್ಡು (ಮುಡುಕುತೊರೆ ಡೈರಿ)

1/3
ಫೋಟೋದಲ್ಲಿರೋದು ಆಟದ ಕಾರ್ಡ್ ಅಲ್ಲ. ಹಳೇ ಲಗ್ನಪತ್ರಿಕೆ ಕತ್ತರಿಸಿ, ಹಿಂಬದಿಗೆ ಬಸವ, ಮೀನು, ಹರಿಗೋಲು ಬರೆದಿದೀನಿ. ಯಾಕೆ ಅಂತ ಹೇಳ್ಬೇಕಂದ್ರೆ ನನ್ನದೊಂದು ತಪ್ಪು ಮೊದಲು ಹೇಳ್ಬೇಕು.

ಕಾಲೇಜಿಂದ ಬಂದ್ಮೇಲೆ ಸಂಜೆ ನಮ್ಮನೆ ಜಗಲಿ ಮೇಲೆ ಏಳು ಮಕ್ಕಳಿಗೆ ಟ್ಯೂಷನ್ ಮಾಡ್ತೀನಿ. ಪಾಠ ಯೋಜನೆ ಅಂತ ಒಂದು ನೋಟ್‌ಬುಕ್ಕೂ ಇಟ್ಟಿದ್ದೆ. "ಸೋಮವಾರ ಭಾಗಾಕಾರ, ಮಂಗಳವಾರ ಭಿನ್ನರಾಶಿ." ನಾನು ಏನು ಹೇಳ್ಬೇಕು ಅನ್ನೋದು ಪೂರ್ತಿ ಇತ್ತು. ಮಕ್ಕಳು ಏನು ಮಾಡ್ತಾರೆ ಅನ್ನೋದು ಒಂದು ಸಾಲೂ ಇರಲಿಲ್ಲ.

ಐದನೇ ಕ್ಲಾಸಿನ ಹುಡುಗನೊಬ್ಬ 322ನ್ನ 7ರಿಂದ ಭಾಗಿಸೋಕೆ ಆಗದೆ ರಬ್ಬರ್ ಉಜ್ತಾ ಕೂತಿದ್ದ. ಮೂರು ಸಲ ಹೇಳ್ಕೊಟ್ಟೆ. ನಾಲ್ಕನೇ ಸಲ ಎಲ್ಲರ ಮುಂದೆ ಬಾಯಿಗೆ ಬಂದ್ಬಿಡ್ತು: "ಐದನೇ ಕ್ಲಾಸು ಕಣೋ ನೀನು, ಇದೂ ಬರಲ್ವಾ?" ಚಿಕ್ಕವರೆಲ್ಲ ನಕ್ರು. ಅವನೂ ನಕ್ಕ. ಮಾರನೇ ದಿನದಿಂದ ಬರಲಿಲ್ಲ.

2/3
ಅವನು ಬಿಟ್ಟುಹೋಗಿದ್ದ ನೋಟ್‌ಬುಕ್ ತೆಗೆದು ನೋಡ್ದೆ. ಏಳು ನಾಲ್ಕಲ ಇಪ್ಪತ್ತೆಂಟು, ಸರಿಯಾಗೇ ಇತ್ತು. ಆದ್ರೆ 32ರಲ್ಲಿ 28 ಕಳೆದು 16 ಅಂತ ಬರೆದಿದ್ದ. ಎರಡರಲ್ಲಿ ಎಂಟು ಹೋಗಲ್ಲ ಅಂತ ಎಂಟರಲ್ಲೇ ಎರಡು ಕಳೆದಿದ್ದ. ಅಂದ್ರೆ ಅವನಿಗೆ ತೊಡಕಿದ್ದದ್ದು ಭಾಗಾಕಾರದಲ್ಲಲ್ಲ, ಕಳೆಯೋದರಲ್ಲಿ.

ಬಿಕಾಂ ಫ್ರೆಂಡ್ಸ್, ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗ್ದಿದ್ರೆ ನಾವು ಟೋಟಲ್ ಮೇಲೆ ರೇಗ್ತೀವಾ? ಲೆಡ್ಜರ್‌ಗೆ ವಾಪಸ್ ಹೋಗ್ತೀವಿ. ಮಗು ವಿಷಯದಲ್ಲಿ ನನಗೆ ಅದು ಹೊಳೀಲೇ ಇಲ್ಲ.

ಆದ್ರೆ ಐದನೇ ಕ್ಲಾಸಿನವನ ಕೈಗೆ ಚಿಕ್ಕ ಮಕ್ಕಳ ಲೆಕ್ಕ ಕೊಟ್ರೆ ಮತ್ತೆ ಅವಮಾನ ಅಲ್ವಾ?

ಆಗ ನೆನಪಾಗಿದ್ದು ನಮ್ಮ ನಲಿ-ಕಲಿ ಕೋಣೆ. ಒಂದು, ಎರಡು, ಮೂರನೇ ಕ್ಲಾಸು ಎಲ್ಲ ಒಟ್ಟಿಗೆ, ಗುಂಪು ಗುಂಪಾಗಿ ನೆಲದ ಮೇಲೆ. ಗೋಡೆ ಮೇಲೆ ಕಲಿಕಾ ಏಣಿ, ಕೈಯಲ್ಲಿ ಚಿತ್ರದ ಕಾರ್ಡು. ಒಂದು ಮೆಟ್ಟಿಲು ಮುಗಿಸಿದವರು ಮುಂದಿನದಕ್ಕೆ. ಒಂದು ಗುಂಪಿನ ಜೊತೆ ಮಿಸ್, ಇನ್ನೊಂದರಲ್ಲಿ ಗೆಳೆಯರೇ ಹೇಳ್ಕೊಡೋರು, ಮತ್ತೊಂದರಲ್ಲಿ ನಾವೇ ಮಾಡ್ಕೊಳ್ಳೋದು.

ಈ ಪದ್ಧತಿ ಶುರುವಾಗಿದ್ದು ನಮ್ಮ ಮೈಸೂರು ಜಿಲ್ಲೆಯಲ್ಲೇ, 1995ರಲ್ಲಿ, ಎಚ್.ಡಿ. ಕೋಟೆ ತಾಲೂಕಲ್ಲಿ. ಆಂಧ್ರದ ರಿಷಿವ್ಯಾಲಿಯ ಕಾರ್ಡು ಪದ್ಧತಿ ನೋಡಿ ಬಂದ ಸರ್ಕಾರಿ ಶಾಲೆ ಮೇಷ್ಟ್ರುಗಳು ಯುನಿಸೆಫ್ ನೆರವಲ್ಲಿ ಅದನ್ನ ನಮ್ಮ ಶಾಲೆಗಳಿಗೆ ಹೊಂದಿಸಿದ್ರು. 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ನಾನು ಅದರಲ್ಲೇ ಕಲಿತವಳು. ಯಾರು ಹಿಂದೆ, ಯಾರು ಮುಂದೆ ಅಂತ ನಮಗೆ ಗೊತ್ತೇ ಆಗ್ತಿರಲಿಲ್ಲ. "ನೀನು ಯಾವ ಕಾರ್ಡು?" ಅಂತ ಕೇಳ್ತಿದ್ವಿ, ಅಷ್ಟೇ.

3/3
ಅವತ್ತು ರಾತ್ರಿ ಕಾರ್ಡು ಮಾಡ್ದೆ. ಕ್ಲಾಸಿನ ನಂಬರ್ ಎಲ್ಲೂ ಹಾಕಲಿಲ್ಲ. ಕೂಡೋದಕ್ಕೆ ಬಸವ, ಕಳೆಯೋದಕ್ಕೆ ಮೀನು, ಭಾಗಾಕಾರಕ್ಕೆ ಹರಿಗೋಲು.

ಹುಡುಗ ಬೆಟ್ಟದ ಕೆಳಗೆ ಹೊಳೆ ಹತ್ರ ದನ ಮೇಯಿಸ್ತಿದ್ದ. "ನಾನು ಹಂಗೆ ಅನ್ಬಾರದಿತ್ತು ಕಣೋ" ಅಂದೆ. "ಬುಡಕ್ಕ" ಅಂದ, ಮುಖ ನೋಡದೆ. ಅವತ್ತು ಬರಲಿಲ್ಲ. ಎರಡು ದಿನ ಬಿಟ್ಟು ಬಂದ.

ತೆಂಗಿನ ಕಡ್ಡಿ ಹತ್ತತ್ತು ಕಟ್ಟಿ ಮುಂದಿಟ್ಟೆ. ಮೂರು ಕಟ್ಟು, ಎರಡು ಬಿಡಿ. "28 ತೆಗಿ." ಬಿಡಿ ಸಾಲಲ್ಲ. ಸ್ವಲ್ಪ ಹೊತ್ತು ಸುಮ್ನೆ ನೋಡಿ, ಅವನೇ ಒಂದು ಕಟ್ಟಿನ ದಾರ ಬಿಚ್ಚಿದ. ನಾನು ಬಾಯಿ ಬಿಡಲಿಲ್ಲ. ಉಳಿದದ್ದು ನಾಲ್ಕು ಕಡ್ಡಿ.

ಭಾಗಾಕಾರ ಇನ್ನೂ ಪೂರ್ತಿ ಬಂದಿಲ್ಲ, ಸುಳ್ಳು ಹೇಳಲ್ಲ. ಇನ್ನೂ ಮೀನಲ್ಲೇ ಇದಾನೆ. ಆದ್ರೆ ನಿನ್ನೆ ಮೂರನೇ ಕ್ಲಾಸಿನ ಹುಡುಗಿಗೆ ಕಟ್ಟು ಬಿಚ್ಚೋದು ತೋರಿಸ್ತಿದ್ದ. ಅವಳು ತಪ್ಪು ಮಾಡಿದಾಗ ಇವನು ನಗಲಿಲ್ಲ.

ನನ್ನ ನೋಟ್‌ಬುಕ್ಕಲ್ಲಿ ಈಗ ದಿನಕ್ಕೆ ಎರಡೇ ಸಾಲು: ಯಾರು ಯಾವ ಮೆಟ್ಟಿಲಲ್ಲಿ ಇದಾರೆ, ಇವತ್ತು ಅವರ ಕೈ ಏನು ಮಾಡುತ್ತೆ.

ನೀವು ನಲಿ-ಕಲಿ ಬ್ಯಾಚಾ? ಯಾವ ಕಾರ್ಡಿನ ಚಿತ್ರ ಇನ್ನೂ ನೆನಪಿದೆ? ಕಮೆಂಟಲ್ಲಿ ಹೇಳಿ.

#ಮುಡುಕುತೊರೆಡೈರಿ #ನಲಿಕಲಿ #ಸರ್ಕಾರಿಶಾಲೆ