ಮೊದಲು ಶ್ರುತಿ, ಆಮೇಲೆ ಮಾತು

ಕಂಟ್ರಿ ಮ್ಯೂಸಿಕ್ ಅಂದ ಕೂಡಲೇ ಕೌಬಾಯ್ ಟೋಪಿ, ಪಿಕಪ್ ಟ್ರಕ್ಕು, ಬಿಯರು ಇಷ್ಟೇ ನೆನಪಾಗೋ ಗೆಳೆಯರಿಗೆ ನಾನು ಕೇಳಿಸೋದು ಒಂದೇ ಆಲ್ಬಂ: ‘ವಿಲ್ ದ ಸರ್ಕಲ್ ಬಿ ಅನ್‌ಬ್ರೋಕನ್’. 1972ರಲ್ಲಿ ಬಂದದ್ದು, ಮೂರು ಎಲ್‌ಪಿಗಳ ದೊಡ್ಡ ಕಟ್ಟು. ಗಿಟಾರು, ಬ್ಯಾಂಜೊ, ಫಿಡಲ್, ಡೋಬ್ರೊ, ಮ್ಯಾಂಡೊಲಿನ್. ಕರೆಂಟಿನ ಹಂಗಿಲ್ಲದ ವಾದ್ಯಗಳು.

ಮಾಡಿದವರು ಕ್ಯಾಲಿಫೋರ್ನಿಯಾದ ಉದ್ದಕೂದಲ ಹುಡುಗರು, ನಿಟ್ಟಿ ಗ್ರಿಟ್ಟಿ ಡರ್ಟ್ ಬ್ಯಾಂಡ್. 1971ರ ಆಗಸ್ಟ್‌ನಲ್ಲಿ ನ್ಯಾಶ್‌ವಿಲ್‌ನ ವುಡ್‌ಲ್ಯಾಂಡ್ ಸ್ಟುಡಿಯೋಗೆ ಹೋಗಿ, ತಾವು ರೆಕಾರ್ಡು ಕೇಳಿ ಕೇಳಿ ಕಲಿತಿದ್ದ ಹಿರಿಯರನ್ನೇ ಹಾಡಲು ಕರೆದರು. ಆಗ ಅಮೆರಿಕದಲ್ಲಿ ವಿಯೆಟ್ನಾಂ ಯುದ್ಧದ ಜಗಳ. ಹುಡುಗರ ಕೂದಲು ನೋಡಿಯೇ ಇವರು ಯಾವ ಕಡೆಯವರು ಅಂತ ತೀರ್ಮಾನ ಆಗ್ತಿದ್ದ ಕಾಲ. ಬ್ಲೂಗ್ರಾಸ್‌ನ ಪಿತಾಮಹ ಬಿಲ್ ಮನ್ರೋ ಬರಲ್ಲ ಅಂದರು. 1948ರಲ್ಲಿ ರಿಪಬ್ಲಿಕನ್ ಪಕ್ಷದಿಂದ ಟೆನೆಸಿಯ ಗವರ್ನರ್ ಹುದ್ದೆಗೆ ನಿಂತು ಸೋತಿದ್ದ ರಾಯ್ ಎಕಫ್‌ಗೂ ಅನುಮಾನವಿತ್ತು. ಹುಡುಗರು ನುಡಿಸಿದ್ದನ್ನು ಕೇಳಿದ ಮೇಲೆ ಅವರು ಹಾಡೋಕೆ ನಿಂತರು.

ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ನೇರವಾಗಿ ಎರಡು ಟ್ರ್ಯಾಕಿನ ಟೇಪಿಗೆ ನುಡಿಸಿದ್ದು. ಆಮೇಲೆ ಒಬ್ಬರ ದನಿ ಏರಿಸಿ, ಇನ್ನೊಬ್ಬರ ತಪ್ಪು ತಿದ್ದೋ ಅವಕಾಶವೇ ಇಲ್ಲ. ಎರಡನೇ ಸಲ, ಮೂರನೇ ಸಲ ಹಾಡಿದಷ್ಟೂ ಏನೋ ಒಂದು ಕಳೆದುಹೋಗುತ್ತೆ, ಮೊದಲ ಸಲವೇ ಸರಿಯಾಗಿ ಹಾಡಿಬಿಡಿ ಅಂತ ಎಕಫ್ ಹೇಳೋದು ಆಲ್ಬಂನಲ್ಲೇ ಇದೆ. ಒಂದು ಮೇಲ್ ಕಳಿಸೋಕೆ ನಾಲ್ಕು ಡ್ರಾಫ್ಟ್ ಮಾಡೋ ನಮಗೆ ಇದು ಸ್ವಲ್ಪ ಭಯ ಹುಟ್ಟಿಸೋ ಮಾತು.

ಮದರ್ ಮೇಬೆಲ್ ಕಾರ್ಟರ್‌ಗೆ ಆಗ ಅರವತ್ತೆರಡು. 1927ರಲ್ಲಿ ಕಾರ್ಟರ್ ಫ್ಯಾಮಿಲಿಯ ಮೊದಲ ರೆಕಾರ್ಡಿಂಗ್‌ನಲ್ಲಿ ಇದ್ದವರು. ಹೆಬ್ಬೆರಳಿನಿಂದ ದಪ್ಪ ತಂತಿಗಳ ಮೇಲೆ ರಾಗ, ಉಳಿದ ಬೆರಳಿನಿಂದ ತಾಳ. ಒಬ್ಬರೇ ಇಬ್ಬರಂತೆ ಕೇಳಿಸ್ತಾರೆ. ಮರ್ಲ್ ಟ್ರಾವಿಸ್ ಹಾಡೋ ‘ಡಾರ್ಕ್ ಆಸ್ ಎ ಡಂಜನ್’ ಕಲ್ಲಿದ್ದಲ ಗಣಿಯ ಹಾಡು. ಅವರ ತಂದೆ ಕೆಂಟಕಿಯ ಗಣಿ ಕೆಲಸಗಾರ. ಹಾಗಾಗಿ ಆ ಕತ್ತಲೆ ಅವರಿಗೆ ಮನೆಯ ವಿಷಯ.

ನನಗೆ ತುಂಬ ಇಷ್ಟವಾಗೋದು ಹಾಡುಗಳ ನಡುವಿನ ಮಾತು. ಟೇಪು ಓಡ್ತಾನೇ ಇದೆ. ಯಾವ ಶ್ರುತಿ, ಯಾರು ಮೊದಲು, ಎಲ್ಲಿ ನಿಲ್ಲಿಸೋದು ಅಂತ ಕೇಳಿಕೊಳ್ತಾರೆ, ನಗ್ತಾರೆ. ಎಳವೆಯಲ್ಲೇ ಕಣ್ಣು ಕಳೆದುಕೊಂಡ ಡಾಕ್ ವಾಟ್ಸನ್, ಮರ್ಲ್ ಟ್ರಾವಿಸ್‌ನ ಮೊದಲ ಸಲ ಭೇಟಿಯಾಗಿದ್ದೂ ಅಲ್ಲೇ. ಅಭಿಮಾನ ಎಷ್ಟಿತ್ತು ಅಂದ್ರೆ, ಡಾಕ್ ತಮ್ಮ ಮಗನಿಗೆ ಮರ್ಲ್ ಅಂತಲೇ ಹೆಸರಿಟ್ಟಿದ್ದರು.

ನಮ್ಮ ಮನೇಲೂ ಅಪ್ಪನಿಗೂ ನನಗೂ ಚುನಾವಣೆ ಬಂದಾಗೆಲ್ಲ ಮಾತು ಕಡಿಯುತ್ತೆ. ಫ್ಯಾಮಿಲಿ ಗ್ರೂಪಲ್ಲಿ ಒಂದು ಫಾರ್ವರ್ಡು ಬಂದರೆ ಸಾಕು, ಊಟದ ಟೇಬಲ್ಲಲ್ಲಿ ಮೌನ. ಅಂಥ ದಿನಗಳಲ್ಲಿ ಈ ಆಲ್ಬಂ ಕೇಳ್ತಾ ಯೋಚಿಸ್ತೀನಿ: ಆ ಕೋಣೆಯಲ್ಲಿ ಯಾರೂ ಪಕ್ಷ ಬದಲಾಯಿಸಲಿಲ್ಲ, ಯಾರೂ ಕೂದಲು ಕತ್ತರಿಸಲಿಲ್ಲ. ಮೊದಲು ಜಗಳ ಮುಗಿಸೋಣ, ಆಮೇಲೆ ಕೂಡೋಣ ಅಂದಿದ್ದರೆ ಒಂದು ಹಾಡೂ ಹುಟ್ಟುತ್ತಿರಲಿಲ್ಲ. ಅವರು ಶ್ರುತಿ ಕೇಳಿದರು, ಶುರು ಮಾಡಿದರು. ಅಪ್ಪ ಚೆನ್ನಾಗಿ ಬಲ್ಲ ವಿಷಯಗಳು ಎಷ್ಟೋ ಇವೆ. ನಾನು ಕೇಳಬೇಕಷ್ಟೆ.

ಶೀರ್ಷಿಕೆಯ ಹಾಡು ತಾಯಿಯ ಶವಯಾತ್ರೆಯದ್ದು. ಮೇಬೆಲ್ ಶುರು ಮಾಡ್ತಾರೆ, ಪಲ್ಲವಿಗೆ ಕೋಣೆಯೆಲ್ಲ ಸೇರುತ್ತೆ. ಸಾವಿನ ಹಾಡು ಇಷ್ಟು ಜನ ಕೂಡಿ ಹಾಡಿದಾಗ ಹಬ್ಬದ ಹಾಗೆ ಕೇಳಿಸುತ್ತೆ. ಆದರೆ ಆಲ್ಬಂ ಅಲ್ಲಿಗೆ ಮುಗಿಯಲ್ಲ. ಬ್ಯಾಂಜೊ ದಿಗ್ಗಜ ಅರ್ಲ್ ಸ್ಕ್ರಗ್ಸ್‌ರ ಮಗ, ಹದಿಹರೆಯದ ರ‍್ಯಾಂಡಿ, ಗಿಟಾರ್ ಹಿಡಿದು ಒಬ್ಬನೇ ಜೋನಿ ಮಿಚೆಲ್‌ರ ‘ಬೋತ್ ಸೈಡ್ಸ್ ನೌ’ ನುಡಿಸ್ತಾನೆ. ಆ ಹೊತ್ತಿಗೆ ಅದು ಹೊಸ ಹುಡುಗರ ಹೊಸ ಹಾಡು. ಅಷ್ಟು ಜನ ಹಿರಿಯರು ಹಾಡಿ ಮುಗಿಸಿದ ಮೇಲೆ ಕೊನೇ ಸರದಿ ಆ ಹುಡುಗನದ್ದು.