ಹರಳೂ ಅದರ ಜೋಡಿಯೂ

ಕೆಲವರು ನಾಣ್ಯಗಳನ್ನು ಕೂಡಿಡುವರು, ಕೆಲವರು ಅಂಚೆ ಚೀಟಿಗಳನ್ನು. ನಮಗೆ ಹಿಡಿದ ಹುಚ್ಚು ಕಲ್ಲುಗಳದು. ಅದರಲ್ಲಿಯೂ ಒಂದು ನೇಮವುಂಟು: ನೆಲದಿಂದ ಬಂದಂತೆಯೇ ಇರುವ ಹರಳೊಂದು, ಅದರ ಮಗ್ಗುಲಲ್ಲಿ ಅದೇ ಜಾತಿಯ, ಸಾಣೆ ಹಿಡಿದ ರತ್ನವೊಂದು, ಹೀಗೆ ಜೋಡಿಯಾಗಿಯೇ ನಮ್ಮ ಪೆಟ್ಟಿಗೆಯಲ್ಲಿ ಅವುಗಳಿಗೆ ಸ್ಥಳ. ಮನೆಗೆ ಬಂದವರು ಹೊಳೆಯುವ ಕಲ್ಲನ್ನೇ ಕೈಗೆತ್ತಿಕೊಂಡು, “ಈ ಒರಟು ಕಲ್ಲುಗಳನ್ನೇಕೆ ಇಟ್ಟಿದ್ದೀರಿ?” ಎಂದು ಕೇಳುವರು. ಇದಕ್ಕೆ ತಕ್ಕ ಉತ್ತರವನ್ನು ನಾವು ಒಂದು ನಷ್ಟದಿಂದ ಕಲಿತೆವು.

ನಮ್ಮ ತೀರ್ಥರೂಪರು ಬಿಟ್ಟುಹೋದ ವಸ್ತುಗಳಲ್ಲಿ ಮೈಸೂರು ಸೀಮೆಯ ಕುರುವಿಂದದ ಹರಳೊಂದಿತ್ತು. ಮಾಣಿಕ್ಯವೂ ನೀಲವೂ ಕುರುವಿಂದವೆಂಬ ಒಂದೇ ಖನಿಜದ ರೂಪಗಳು. ಕ್ರೋಮಿಯಂ ಲೇಶಮಾತ್ರ ಬೆರೆತರೆ ಕೆಂಪು. ಕಬ್ಬಿಣವೂ ಟೈಟೇನಿಯಮ್ಮೂ ಬೆರೆತರೆ ನೀಲಿ. 1812ರಲ್ಲಿ ಮೋಸ್ ಎಂಬ ವಿದ್ವಾಂಸನು ಕಲ್ಲುಗಳ ಗಡಸುತನಕ್ಕೆ ಏರ್ಪಡಿಸಿದ 10 ಮೆಟ್ಟಿಲುಗಳಲ್ಲಿ ಕುರುವಿಂದದ್ದು 9ನೆಯದು. ಅದರ ಮೇಲೆ ವಜ್ರವೊಂದೇ. ಆದರೆ ನಮ್ಮ ಹರಳಿನಲ್ಲಿ ನೋಡತಕ್ಕ ಚೆಲುವೇನೂ ಇರಲಿಲ್ಲ. ಮಸಕು ಕೆಂಪು ಬಣ್ಣ, ಬೆಳಕು ತೂರದ ಮೈ, ಆರು ಪಕ್ಕಗಳ ಮೋಟು ಕಂಬದ ಆಕಾರ. ಕಾಗದಗಳು ಹಾರದಂತೆ ತಂದೆಯವರು ಅದನ್ನು ಲೆಕ್ಕದ ಹಾಳೆಗಳ ಮೇಲೆ ಇಡುತ್ತಿದ್ದರು.

ಪೆಟ್ಟಿಗೆಯಲ್ಲಿ ಅದರ ಜೋಡಿಯ ಸ್ಥಳವು ಬರಿದಾಗಿತ್ತು. ಆ ಬರಿದನ್ನು ತುಂಬುವ ಆತುರದಲ್ಲಿ ನಾವು ಹರಳನ್ನೇ ಸಾಣೆಗೆ ಕೊಂಡೊಯ್ದೆವು. ಸಾಣೆಯ ಮುದುಕರು ಅದರ ಪಕ್ಕಗಳನ್ನು ಬೆರಳಿನಿಂದ ಒಂದೊಂದಾಗಿ ತಡವಿ, “ಸ್ವಾಮಿ, ಇರುವುದು ಒಂದೇ ಕಲ್ಲು. ಅರ್ಧಕ್ಕಿಂತ ಹೆಚ್ಚು ಪುಡಿಯಾಗಿ ಹೋಗುವುದು. ಇನ್ನೊಮ್ಮೆ ಆಲೋಚಿಸಿರಿ” ಎಂದರು. ನಾವು ಆಲೋಚಿಸಲಿಲ್ಲ.

ವಾರ ಕಳೆದ ಮೇಲೆ, ಗುಮ್ಮಟದಂತೆ ಉಬ್ಬಿದ ಪುಟ್ಟ ಕಲ್ಲೊಂದು ಮನೆಗೆ ಬಂದಿತು. ದೀಪದ ಕೆಳಗೆ ಹಿಡಿದೊಡನೆ ಅದರ ನೆತ್ತಿಯ ಮೇಲೆ ಆರು ಕಿರಣಗಳ ನಕ್ಷತ್ರವು ಮೂಡಿತು! ಹೊರಳಿಸಿದರೆ ನಕ್ಷತ್ರವೂ ಜಾರುತ್ತಿತ್ತು. ಮಕ್ಕಳು ಕುಣಿದರು. ಅಮ್ಮನವರು ಮಾತ್ರ ಬಹಳ ಹೊತ್ತು ನೋಡಿ, “ಚೆನ್ನಾಗಿದೆಯಪ್ಪ. ನಿಮ್ಮ ತಂದೆ ಇಡುತ್ತಿದ್ದ ಕಲ್ಲೆಲ್ಲಿ?” ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಆ ನಕ್ಷತ್ರವು ಸಾಣೆಯಿಂದ ಹುಟ್ಟಿದುದಲ್ಲ. ಕಲ್ಲಿನೊಳಗೆ ಕೂದಲಿಗಿಂತ ಸಣ್ಣ ಸೂಜಿಗಳು ಮೂರು ದಿಕ್ಕಿಗೆ ಸಾಲುಗಟ್ಟಿರುತ್ತವೆ. ಒಂದೊಂದು ದಿಕ್ಕಿನ ಸಾಲು ಬೆಳಕಿನ ಒಂದೊಂದು ಗೆರೆಯನ್ನು ತೋರುವುದು. ಮೂರು ಗೆರೆಗಳು ನಡುವೆ ಕೂಡಿದರೆ ಆರು ಕಿರಣಗಳು. ಹರಳಿಗೆ ಆರು ಪಕ್ಕಗಳನ್ನು ಕೊಟ್ಟ ಒಳಗಟ್ಟೇ ಸೂಜಿಗಳಿಗೂ ಸಾಲನ್ನು ಕೊಟ್ಟಿತು. ಆ ಪಕ್ಕಗಳನ್ನು ನೋಡಿಯೇ ಮುದುಕರು ಕಲ್ಲಿನ ಬುಡವನ್ನು ನೇರವಾಗಿ ಅಡ್ಡ ಕೊಯ್ದರು. ಓರೆಯಾಗಿದ್ದರೆ ನಕ್ಷತ್ರವು ನೆತ್ತಿಯಿಂದ ಸರಿದು ನಿಲ್ಲುತ್ತಿತ್ತು. ದಾರಿ ತೋರಿದ ಪಕ್ಕಗಳೇ ಸಾಣೆಯಲ್ಲಿ ಸವೆದುಹೋದುವು.

ಕೆಲವು ಕಾಲದ ಮೇಲೆ ಅಂತಹುದೇ ಇನ್ನೊಂದು ಹರಳನ್ನು ಕೊಂಡು ನಕ್ಷತ್ರದ ಕಲ್ಲಿನ ಬಳಿ ಇಟ್ಟೆವು. ಈಗ ಮಕ್ಕಳು ಒಂದರಲ್ಲಿ ಪಕ್ಕಗಳನ್ನೂ ಇನ್ನೊಂದರಲ್ಲಿ ಕಿರಣಗಳನ್ನೂ ಎಣಿಸುವರು. ಲೆಕ್ಕವು ಸರಿಹೋದಾಗ ಅವರ ಕಣ್ಣು ಅರಳುವುದು. ಒರಟು ಕಲ್ಲನ್ನೇಕೆ ಇಟ್ಟಿದ್ದೀರೆಂದು ಅವರು ಕೇಳುವುದಿಲ್ಲ. ಎರಡು ಹರಳುಗಳಿಲ್ಲದೆ ಒಂದನ್ನು ಸಾಣೆಗೆ ಕೊಡಬಾರದೆಂಬುದು ಈಗ ನಮ್ಮ ಮನೆಯ ಕಟ್ಟಳೆ.

ಆ ಜೋಡಿಯ ಚೀಟಿಯಲ್ಲಿ ಮಾತ್ರ, “ಜಾತಿ ಒಂದೇ, ಹರಳು ತಂದೆಯವರದಲ್ಲ” ಎಂದು ಬರೆದಿದ್ದೇವೆ. ನೋಡುವವರಿಗೆ ಇದು ಬೇಕಿಲ್ಲ. ನಮಗೆ ಬೇಕು.