ಪಾಟ್ಲಿ ಕೊಟ್ಟು ಪಾಟಾ

ಹಳೆಯ ಎತ್ತನ್ನು ಕೊಳ್ಳುವವನಿಗೆ ಕೆಲವು ಸೌಕರ್ಯಗಳಿವೆ. ಬಾಯಿ ಬಿಡಿಸಿ ಹಲ್ಲು ಎಣಿಸಬಹುದು. ಮೈಮೇಲಿನ ಸುಳಿಗಳನ್ನು ನೋಡಬಹುದು. ನಾಲ್ಕು ಹೆಜ್ಜೆ ನಡೆಸಿ ಕುಂಟುತ್ತದೆಯೇ ಎಂದು ಪರೀಕ್ಷಿಸಬಹುದು. ಜಾತ್ರೆಯಲ್ಲಿ ದಲಾಲಿಯು ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳಿದರೂ ಎತ್ತು ಮಾತ್ರ ಬಯಲಲ್ಲಿಯೇ ನಿಂತಿರುತ್ತದೆ. ಹಳೆಯ ವ್ಯಾನಿನ ವ್ಯಾಪಾರ ಇದಕ್ಕೆ ತದ್ವಿರುದ್ಧ. ಅಲ್ಲಿ ಬೆಲೆಯನ್ನು ಎಲ್ಲರೆದುರು ಕೂಗಿ ಹೇಳುತ್ತಾರೆ, ಮರೆಯಲ್ಲಿರುವುದು ಗಾಡಿ. ಹೊಸ ಬಣ್ಣ, ಹೊಸ ಸೀಟಿನ ಹೊದಿಕೆ, ಕನ್ನಡಿಗೆ ಕಟ್ಟಿದ ಲಿಂಬೆಹಣ್ಣು ಮೆಣಸಿನಕಾಯಿ, ಇವುಗಳ ಹಿಂದೆ ಎಷ್ಟು ವರ್ಷಗಳ ದುಡಿಮೆ ಅಡಗಿದೆಯೆಂಬುದನ್ನು ಬಲ್ಲವರು ಯಾರು? ಕಿಲೋಮೀಟರು ತೋರಿಸುವ ಮೀಟರೊಂದಿದೆ, ನಿಜ. ಆದರೆ ಎತ್ತಿನ ಹಲ್ಲನ್ನು ಹಿಂದಕ್ಕೆ ತಿರುಗಿಸಲು ಬರುವುದಿಲ್ಲ. ಮೀಟರನ್ನು ತಿರುಗಿಸಲು ಬರುತ್ತದೆ.

ಹುಬ್ಬಳ್ಳಿ ಗಾಡಿಗಳ ಊರು. ವಿಜಯ ಸಂಕೇಶ್ವರರು 1976ರಲ್ಲಿ ಗದಗಿನಲ್ಲಿ ಒಂದೇ ಒಂದು ಲಾರಿಯಿಂದ ಆರಂಭಿಸಿ, ಹುಬ್ಬಳ್ಳಿಯಿಂದ ದೇಶದ ದೊಡ್ಡ ಸಾಗಣೆ ಉದ್ಯಮವನ್ನು ಬೆಳೆಸಿದ ಕಥೆ ಇಲ್ಲಿಯ ಮಕ್ಕಳಿಗೂ ಗೊತ್ತು. ಹಳೆಯ ಗಾಡಿಗಳ ದಲಾಲಿಗಳಿಗಂತೂ ಇದು ನಿತ್ಯಪಾರಾಯಣ. ಗಿರಾಕಿಯ ಮುಖದಲ್ಲಿ ಅನುಮಾನದ ನೆರಳು ಸುಳಿದೊಡನೆ ಅವರು ಈ ಕಥೆಯನ್ನು ತೆಗೆಯುತ್ತಾರೆ. ಧಾರವಾಡದ ಒಬ್ಬ ಗೃಹಸ್ಥರು ಇದನ್ನು ಒಂದೇ ವಾರದಲ್ಲಿ ಮೂರು ದಲಾಲಿಗಳ ಬಾಯಿಂದ ಕೇಳಿದರು. ಮನೆಗೆ ಬಂದು ಪತ್ನಿಯ ಮುಂದೆ ತಾವೂ ಒಮ್ಮೆ ಹೇಳಿದರು. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, “ಹೌದ್ರಿ, ಛಲೋ ಕಥಿ. ಆ ಲಾರಿ ಕ್ಲಚ್ ಎಷ್ಟ ಸಲ ಹೋತು ಅಂತ ಯಾರರ ಹೇಳ್ಯಾರೇನ್ರಿ?” ಎಂದು ಕೇಳಿದರು.

ಗಾಡಿ ಬೇಕಾಗಿದ್ದುದು ಆಕೆಯ ಉದ್ಯೋಗಕ್ಕಾಗಿಯೇ. ಮನೆಯಲ್ಲಿ ಐದು ಜನ ಹೆಂಗಸರನ್ನು ಇಟ್ಟುಕೊಂಡು ಆಕೆ ಜೋಳದ ರೊಟ್ಟಿ ಮಾಡಿಸುತ್ತಿದ್ದರು. ಖಡಕ್ ರೊಟ್ಟಿಯ ಕಟ್ಟುಗಳು ಹುಬ್ಬಳ್ಳಿಯ ಅಂಗಡಿಗಳಿಗೂ ಖಾನಾವಳಿಗಳಿಗೂ ಹೋಗಬೇಕು. ಮರಳುವಾಗ ಅಮರಗೋಳದ ಎ.ಪಿ.ಎಂ.ಸಿ.ಯಿಂದ ಜೋಳದ ಚೀಲಗಳು ಬರಬೇಕು. ಬಾಡಿಗೆಯ ಟೆಂಪೋ ಒಂದು ಸರತಿಗೆ ಸಾವಿರದ ಇನ್ನೂರು ರೂಪಾಯಿ ಕೇಳುತ್ತಿತ್ತು. ಅದೂ ಅದರ ಮನಸ್ಸು ಬಂದ ದಿನ ಮಾತ್ರ.

ಇಂಥ ಮನೆಗಳ ಕನಸಿನ ಗಾಡಿ ಯಾವುದೆಂದು ಹೇಳಬೇಕಾಗಿಲ್ಲ. ಟಾಟಾ ಏಸ್ 2005ರಲ್ಲಿ ರಸ್ತೆಗಿಳಿದಾಗ ಜನ ಅದಕ್ಕೆ ಛೋಟಾ ಹಾಥಿ ಎಂದು ಹೆಸರಿಟ್ಟರು. ಎರಡೇ ಸಿಲಿಂಡರುಗಳ, 702 ಸಿ.ಸಿ.ಯ, 16 ಅಶ್ವಶಕ್ತಿಯ ಪುಟ್ಟ ಡೀಸೆಲ್ ಯಂತ್ರ. ಹನ್ನೆರಡು ಇಂಚಿನ ಗಾಲಿಗಳು. 750 ಕಿಲೋ ಹೊರೆಯ ಸಾಮರ್ಥ್ಯ. ಇದೇ ಮನೆತನದ ಏಸ್ ಜಿಪ್ ಎಂಬ ಇನ್ನೂ ಚಿಕ್ಕ ಗಾಡಿಯು 2012ರಲ್ಲಿ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿಯೇ ತಯಾರಾಗತೊಡಗಿತು. ಹೊಸ ಗಾಡಿ ಧಾರವಾಡದಲ್ಲಿ ಹುಟ್ಟಲಿ, ಪುಣೆಯಲ್ಲಿ ಹುಟ್ಟಲಿ, ಹಳೆಯದಾದ ಮೇಲೆ ಅದರ ಆಯುಷ್ಯವನ್ನು ನಿರ್ಣಯಿಸುವವರು ಹುಬ್ಬಳ್ಳಿಯ ಮಿಸ್ತ್ರಿಗಳು.

ಗೃಹಸ್ಥರು ಒಂದು ಜಾಣತನ ಮಾಡಿದರು. ಗಾಡಿ ನೋಡಲು ಹೋಗುವಾಗ, ಎಲ್ಲರೂ ಚಾಚಾ ಎಂದು ಕರೆಯುವ ಹಿರಿಯ ಮಿಸ್ತ್ರಿಯೊಬ್ಬರನ್ನು ಐನೂರು ರೂಪಾಯಿಗೆ ಒಪ್ಪಿಸಿ ಕರೆದೊಯ್ದರು. ಅದು 2021ರ ಕೊನೆ; ಗಾಡಿ 2012ರದು. ಚಾಚಾ ಬಣ್ಣವನ್ನು ನೋಡಲಿಲ್ಲ, ಮೀಟರನ್ನೂ ನೋಡಲಿಲ್ಲ. ಸೀಟು ಎತ್ತಿ, ಅದರ ಕೆಳಗಿನ ಯಂತ್ರದ ಮೇಲೆ ಅಂಗೈ ಇಟ್ಟರು. “ಸಾವಕಾರ್ರ, ಮೊದಲ ಬಿಸಿ ಮಾಡಿ ಇಟ್ಟಾರ್ರಿ. ತಣ್ಣಗಾಗ್ಲಿ. ಚಾ ಕುಡದ ಬರೋಣ್ರಿ” ಎಂದರು. ಬಿಸಿಯಾದ ಯಂತ್ರ ತನ್ನ ರೋಗವನ್ನು ಮುಚ್ಚಿಟ್ಟುಕೊಳ್ಳುತ್ತದೆ. ಮುಂಜಾನೆಯ ಕೆಮ್ಮು ಕೇಳಿದರೆ ತಾನೆ ವೈದ್ಯನಿಗೆ ಎದೆಯ ಸ್ಥಿತಿ ತಿಳಿಯುವುದು?

ಎರಡು ಗಂಟೆಯ ತರುವಾಯ ಗಾಡಿಯನ್ನು ಚಾಲೂ ಮಾಡಿದರು. ಹೊಗೆ ಕಪ್ಪಾಗಿದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ನಾಜಲ್ಲನ್ನೋ ಗಾಳಿಯ ಫಿಲ್ಟರನ್ನೋ ನೋಡಬೇಕು; ಇದು ಅಲ್ಪ ವೆಚ್ಚದ ಕೆಲಸ. ಯಂತ್ರ ಬಿಸಿಯಾದ ಮೇಲೂ ಬಿಳಿಯ ಹೊಗೆ ನಿಲ್ಲದಿದ್ದರೆ ನೀರು ಒಳಗೆ ಸೇರುತ್ತಿರಬಹುದು. ನೀಲಿಯಾಗಿದ್ದರೆ ಎಣ್ಣೆಯೇ ಉರಿಯುತ್ತಿದೆ. ಪಿಸ್ಟನ್ನಿನ ರಿಂಗುಗಳು ಸವೆದಿವೆ. ಅಂದು ಕಂಡದ್ದು ತೆಳುವಾದ ನೀಲಿ. ಚಾಚಾ ಎಣ್ಣೆ ಸುರಿಯುವ ಮುಚ್ಚಳ ತೆಗೆದು, ಅಲ್ಲಿಂದ ಬುಸುಗುಡುವ ಗಾಳಿಗೆ ಕೈಯೊಡ್ಡಿದರು. ಗ್ಯಾರೇಜಿನವರು ಇದನ್ನು ‘ಬ್ಯಾಕ್ ಕಂಪ್ರೆಶನ್’ ಎನ್ನುತ್ತಾರೆ. “ಎರಡ ವರ್ಷ ಏನೂ ಆಗೂದಿಲ್ರಿ, ವಜ್ಜಾ ನೋಡಿ ಹಾಕಿದ್ರ” ಎಂಬುದು ಅವರ ತೀರ್ಪು. ಒಂದು ಲಕ್ಷದ ಎಂಬತ್ತು ಸಾವಿರದಲ್ಲಿದ್ದ ಬೆಲೆ ಒಂದು ಲಕ್ಷದ ಅರವತ್ತೈದಕ್ಕೆ ಇಳಿಯಿತು. ಐನೂರು ರೂಪಾಯಿಗೆ ಹದಿನೈದು ಸಾವಿರ! ಆ ಗಾಡಿಯ ಇತಿಹಾಸದಲ್ಲಿ ಇಷ್ಟು ಲಾಭದ ಖರ್ಚು ಮತ್ತೊಂದಿಲ್ಲ. ಮನೆಯ ಉಳಿತಾಯ ಒಂದು ಲಕ್ಷ ಹೋಯಿತು. ಉಳಿದುದಕ್ಕಾಗಿ ಪತ್ನಿಯ ಎರಡು ಪಾಟ್ಲಿಗಳು ಸಹಕಾರಿ ಸಂಘದ ತಿಜೋರಿ ಸೇರಿದವು.

ಚಾಚಾ ಹೇಳಿದ ಮಾತಿನಲ್ಲಿ ಗೃಹಸ್ಥರಿಗೆ ಮೊದಲರ್ಧ ನೆನಪುಳಿಯಿತು. ಕಡೆಯ ಮೂರು ಪದಗಳು ಕಿವಿಗೆ ಬಿದ್ದಂತೆಯೇ ಕಾಣಲಿಲ್ಲ. ಹೋಗುವಾಗ ರೊಟ್ಟಿ, ಅದು ಹಗುರ. ಬರುವಾಗ ತಮ್ಮ ಏಳು ಕ್ವಿಂಟಲ್ ಜೋಳ. ಇಷ್ಟಕ್ಕೇ ನಿಂತಿದ್ದರೆ ಸರಿ. ನೆರೆಯ ಗಿರಣಿಯವರು ತಮ್ಮವೂ ಏಳು ಚೀಲಗಳನ್ನು ತಂದುಕೊಡಿ, ಚೀಲಕ್ಕೆ ನಲವತ್ತು ರೂಪಾಯಿ ಕೊಡುತ್ತೇವೆ ಎಂದರು. ಬರುವ ಗಾಡಿ ಹೇಗೂ ಬರುತ್ತದಲ್ಲ! ಹದಿನಾಲ್ಕು ಚೀಲ, ಎಂದರೆ 1,400 ಕಿಲೋ, 750 ಕಿಲೋದ ಗಾಡಿಯ ಬೆನ್ನೇರಿತು. ಧಾರವಾಡ ಹುಬ್ಬಳ್ಳಿಗಿಂತ ಎತ್ತರದಲ್ಲಿದೆಯೆಂಬುದು ಕಾರಿನಲ್ಲಿ ಹೋಗುವವರಿಗೆ ತಿಳಿಯದು. ಈ ಗಾಡಿಗೆ ನವಲೂರಿನ ಏರಿನಲ್ಲಿ ಪ್ರತಿ ಸಲವೂ ತಿಳಿಯುತ್ತಿತ್ತು. ಚಿಗರಿ ಬಸ್ಸುಗಳು ತಮ್ಮ ಪ್ರತ್ಯೇಕ ಪಥದಲ್ಲಿ ಹೆಸರಿಗೆ ತಕ್ಕಂತೆ ಓಡುವಾಗ, ಪಕ್ಕದ ಪಥದಲ್ಲಿ ಇದು ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಅರ್ಧ ಕ್ಲಚ್ಚಿನಲ್ಲಿ ತೆವಳುತ್ತಿತ್ತು.

ಮೊದಲು ಹೋದದ್ದು ಕ್ಲಚ್. ಆಮೇಲೆ, ಒಂದು ಮಳೆಗಾಲದ ಹೊಂಡದಲ್ಲಿ, ಹಿಂದಿನ ಕಮಾನು ಪಟ್ಟಿ. ಅದನ್ನು ಇಲ್ಲಿ ಪಾಟಾ ಎನ್ನುತ್ತಾರೆ. ತುಂಡಾದ ಪಟ್ಟಿಯನ್ನು ಗೃಹಸ್ಥರು ಅಂಗಳದಲ್ಲಿ ಇಳಿಸಿದಾಗ ಪತ್ನಿ ತಮ್ಮ ಬರಿಗೈ ನೋಡಿಕೊಂಡು, “ಪಾಟ್ಲಿ ಕೊಟ್ಟು ಪಾಟಾ ತಂದ್ರಿ” ಎಂದರಷ್ಟೆ.

ಆ ದಿನದಿಂದ ಆಕೆ ಗಾಡಿಗೊಂದು ವಹಿ ತೆರೆದರು. ಮೊದಲ ವರ್ಷದ ಪುಟ ಹೀಗಿತ್ತು: ಬ್ಯಾಟರಿ 4,600, ಎರಡು ಟೈರು 6,400, ಬ್ರೇಕ್ ಲೈನರು ಮತ್ತು ಗಾಲಿಯ ಸಿಲಿಂಡರು 2,800, ಕ್ಲಚ್ ಸೆಟ್ಟು ಕೂಲಿ ಸಹಿತ 6,500, ಪಾಟಾ 2,400, ರೇಡಿಯೇಟರು 4,200. ಒಟ್ಟು 26,900 ರೂಪಾಯಿ. ವಿಮೆಯ ಲೆಕ್ಕ ಬೇರೆ; ಇಷ್ಟು ಚಿಕ್ಕ ಸರಕು ಗಾಡಿಗೂ ಮೂರನೆಯವರ ಹಾನಿಯ ವಿಮೆಯ ಕಂತು 2022ರ ಜೂನಿನ ದರದಂತೆ ತೆರಿಗೆ ಬಿಟ್ಟು 16,049 ರೂಪಾಯಿ. ಎಂಟು ವರ್ಷ ದಾಟಿದ ಗಾಡಿಯಾದ್ದರಿಂದ ಅರ್ಹತಾ ಪತ್ರವನ್ನು ಪ್ರತಿ ವರ್ಷವೂ ಪಡೆಯಬೇಕು.

ಆದರೆ ಆ ವಹಿಯಲ್ಲಿ ಯಾವ ಗ್ಯಾರೇಜಿನ ಬಿಲ್ಲಿನಲ್ಲಿಯೂ ಕಾಣದ ಒಂದು ಕಲಮು ಇತ್ತು: ‘ನಿಂತ ದಿನ’. ಮೊದಲ ವರ್ಷ ಅದು ಹತ್ತೊಂಬತ್ತು. ಆ ದಿನಗಳಲ್ಲಿ ಬಾಡಿಗೆಯ ಟೆಂಪೋಗೆ ಕೊಟ್ಟದ್ದು 22,800. ರೊಟ್ಟಿ ಹೊತ್ತಿಗೆ ಮುಟ್ಟಲಿಲ್ಲವೆಂದು ಎರಡು ಅಂಗಡಿಗಳು ಬೇರೆಯವರನ್ನು ಹಿಡಿದವು. ಅದಕ್ಕೆ ಆಕೆ ಅಂಕಿ ಹಾಕಲಿಲ್ಲ. ಇನ್ನೂ ಸೋಜಿಗವೆಂದರೆ, ಹತ್ತೊಂಬತ್ತರಲ್ಲಿ ಮಿಸ್ತ್ರಿಯ ಕೈ ಗಾಡಿಯ ಮೇಲಿದ್ದುದು ಆರೇ ದಿನ. ಉಳಿದವು ಬಿಡಿಭಾಗಕ್ಕೆ ಕಾದದ್ದು, ಹಣಕ್ಕೆ ಕಾದದ್ದು, “ನಾಳೆ ನೋಡೋಣು” ಎಂದು ಬಿಟ್ಟದ್ದು. ಗಂಡಸರು ರಿಪೇರಿಯನ್ನು ರೂಪಾಯಿಗಳಲ್ಲಿ ಎಣಿಸುತ್ತಾರೆ; ಪ್ರತಿದಿನ ಒಲೆ ಹಚ್ಚಬೇಕಾದವರು ದಿನಗಳಲ್ಲಿ ಎಣಿಸುತ್ತಾರೆ.

‘ನಾಳೆ’ಯ ನಿಜವಾದ ಬೆಲೆ ತಿಳಿದದ್ದು 2023ರ ಬೇಸಿಗೆಯಲ್ಲಿ. ರೇಡಿಯೇಟರಿನ ರಬ್ಬರು ಕೊಳವೆಯಲ್ಲಿ ಸಣ್ಣ ಸೋರಿಕೆ ಇತ್ತು. ಕೊಳವೆಯ ಬೆಲೆ ನೂರೈವತ್ತು ರೂಪಾಯಿ. ಅದರ ಬದಲು ದಿನಾ ಬೆಳಿಗ್ಗೆ ಒಂದು ತಂಬಿಗೆ ನಲ್ಲಿಯ ನೀರು ಸುರಿದು ಕೆಲಸ ಸಾಗಿತ್ತು. ನವಲೂರಿನ ಏರಿನಲ್ಲಿ, ಹದಿನಾಲ್ಕು ಚೀಲಗಳ ಸಮೇತ, ಸೀಟಿನ ಕೆಳಗಿನಿಂದ ಕಾವೂ ಆವಿಯೂ ಒಮ್ಮೆಲೇ ಎದ್ದವು. ಹೆಡ್ ಗ್ಯಾಸ್ಕೆಟ್ ಸುಟ್ಟು, ಕಾವಿಗೆ ಹೆಡ್ಡೇ ಬಾಗಿತ್ತು.

ಚಾಚಾ ಎರಡು ದಾರಿ ತೋರಿಸಿದರು. ಹೆಡ್ಡನ್ನು ಯಂತ್ರಕ್ಕೆ ಕೊಟ್ಟು ಸಮತಟ್ಟು ಮಾಡಿಸಿ, ಗ್ಯಾಸ್ಕೆಟ್ ಕೂಡಿಸಿದರೆ 11,500 ರೂಪಾಯಿ. ಬಿಚ್ಚಿದ್ದೇ ಬಿಚ್ಚಿದೆ, ಪಿಸ್ಟನ್, ರಿಂಗು, ಬೇರಿಂಗು ಎಲ್ಲವನ್ನೂ ಹೊಸದು ಮಾಡಿದರೆ 42,000. ಗೃಹಸ್ಥರಿಗೆ ಎರಡನೆಯದರ ಮೇಲೆ ಮನಸ್ಸು. ಪಾಟ್ಲಿ ಬಿಡಿಸಲೆಂದು ಕೂಡಿಸಿಟ್ಟ ಹಣ ಸರಿಯಾಗಿ ಅಷ್ಟೇ ಇತ್ತು. ಪತ್ನಿ ಮೊದಲ ಸಲ ಗ್ಯಾರೇಜಿಗೆ ಬಂದರು. “ಚಾಚಾ, ಬರೇ ಹೆಡ್ ಮಾಡಿದ್ರ ಎಷ್ಟ ದಿನಾ ನಡೀತೈತ್ರಿ?” ಎಂದು ಕೇಳಿದರು. ಮುದುಕ ನಕ್ಕು, “ತಂಗೀ, ಅವತ್ತೂ ಹೇಳಿದ್ದೆ. ಏಳು ಚೀಲಾ ಹಾಕಿದ್ರ ಮತ್ತೆರಡ ವರ್ಷ. ಹದಿನಾಲ್ಕ ಹಾಕಿದ್ರ ಹೊಸ ಇಂಜಿನ್ನೂ ತಡಿಯೂದಿಲ್ಲ” ಎಂದರು.

ಆಕೆ ಅಲ್ಲಿಯೇ ಬೆಂಚಿನ ಮೇಲೆ ಲೆಕ್ಕ ಹಾಕಿದರು. ಅಮರಗೋಳಕ್ಕೆ ಇನ್ನೊಮ್ಮೆ ಹೋಗಿ ಬರಲು ಡೀಸೆಲ್ ಸುಮಾರು ನೂರೆಂಬತ್ತು ರೂಪಾಯಿ. ಗಿರಣಿಯ ಚೀಲಗಳ ಬಾಡಿಗೆ ಇನ್ನೂರೆಂಬತ್ತು. ಬೇರೆ ಸರತಿಯಲ್ಲಿ ತಂದರೂ ನೂರು ಉಳಿಯುತ್ತದೆ. ಒಂದು ಕ್ಲಚ್ಚಿನ ಹಣದಲ್ಲಿ ಹೀಗೆ ಮೂವತ್ತಾರು ಸಲ ಹೋಗಿ ಬರಬಹುದು. 2019ರ ತಿದ್ದುಪಡಿಯಾದ ಮೇಲೆ ಮಿತಿಮೀರಿದ ಹೊರೆಗೆ ದಂಡ 20,000 ರೂಪಾಯಿ, ಹೆಚ್ಚಾದ ಪ್ರತಿ ಟನ್ನಿಗೆ ಮತ್ತೆ 2,000, ಎಂದು ಚಾಚಾ ಪಕ್ಕದಿಂದ ಒಗ್ಗರಣೆ ಹಾಕಿದರು. ಗೃಹಸ್ಥರು ತಾಳಿಕೆಯಿಂದ ಎಲ್ಲವನ್ನೂ ಕೇಳಿ, ಹೆಡ್ಡಿನ ಕೆಲಸಕ್ಕಷ್ಟೇ ಮುಂಗಡ ಕೊಟ್ಟರು. ಹೊಸ ಕೊಳವೆಯನ್ನು ಅಂದೇ ಕೊಂಡರು. ಬಿಡಿಯಾಗಿ ಇನ್ನೊಂದನ್ನು ಸೀಟಿನ ಕೆಳಗೆ ಇಟ್ಟುಕೊಂಡರು.

ಈಗ ಎ.ಪಿ.ಎಂ.ಸಿ.ಯ ಹಮಾಲರು ಏಳನೆಯ ಚೀಲದ ಮೇಲೆ ಎಂಟನೆಯದನ್ನು ಎತ್ತುವುದಿಲ್ಲ. ಒಂದು ಪಾಟ್ಲಿ 2024ರ ದೀಪಾವಳಿಗೆ ಮನೆಗೆ ಬಂತು. ಇನ್ನೊಂದು ಸಂಘದಲ್ಲಿಯೇ ಇದೆ. ಬ್ಯಾಟರಿಯ ವಯಸ್ಸು ಮುಗಿಯುತ್ತ ಬಂದಿರುವುದರಿಂದ ವಹಿಯ ಮುಂದಿನ ಪುಟದಲ್ಲಿ ಅದರ ಹೆಸರಿನೆದುರು ಆಕೆ ಪೆನ್ಸಿಲಿನಿಂದ 4,800 ಎಂದು ಬರೆದಿಟ್ಟಿದ್ದಾರೆ. ‘ನಿಂತ ದಿನ’ದ ಕಲಮಿನಲ್ಲಿ ಅರ್ಧ ದಿನ.